2/7 ಸೀರೆ ನೇಯ್ದವರನ್ನ ಯಾರಾದ್ರೂ ನೋಡಿದ್ದೀರಾ?

ಮೊನ್ನೆ ಇಳಕಲ್ಲಿಗೆ ಅಕ್ಕನ ಮನೆಗೆ ಹೋಗಿದ್ದೆ. ಐದನೇ ಕ್ಲಾಸಿನ ಅವಳ ಮಗಳು ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂತಿದ್ದಳು. "ಮಾಮಾ, ನನಗ ಲೆಕ್ಕ ಬರೂದಿಲ್ಲ. ನಾ ಸಾಲಿ ಬಿಟ್ಟು ಮಗ್ಗದಾಗ ಕುಂದರತೀನಿ" ಅಂದಳು.

ನೋಟ್‌ಬುಕ್ ತೆಗೆದು ನೋಡಿದೆ. ನೇಕಾರ ಮೊದಲ ದಿನ ಸೀರೆಯ 1/3 ಭಾಗ, ಎರಡನೇ ದಿನ 1/4 ಭಾಗ ನೇಯ್ದರೆ ಒಟ್ಟು ಎಷ್ಟು? ಹುಡುಗಿ ಮೇಲಿಂದು ಮೇಲೆ, ಕೆಳಗಿಂದು ಕೆಳಗೆ ಕೂಡಿಸಿ 2/7 ಅಂತ ಬರೆದಿದ್ದಳು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ "ಲ.ಸಾ.ಅ. ತೆಗೆ". ಅಷ್ಟೇ!

ತಪ್ಪನ್ನ ತಪ್ಪು ಅಂದದ್ದು ಸರೀನೇ. ಯಾಕೆ ತಪ್ಪು ಅಂತ ಹೇಳಲಿಲ್ಲವಲ್ಲ, ನನ್ನ ತಕರಾರು ಅದು.

"ನೋಡವ್ವಾ, 2/6 ಅಂದ್ರ 1/3. 2/7 ಅದಕ್ಕಿಂತ ಸಣ್ಣದು. ಹಂಗಾದ್ರ ಎರಡನೇ ದಿನ ನಿಮ್ಮಪ್ಪಾರು ನೇಯ್ದ್ರೋ, ನೇಯ್ದದ್ದು ಬಿಚ್ಚಿದ್ರೋ?" ಅಂದೆ. ಕಿಸಕ್ಕನೆ ನಕ್ಕಳು. ಕಾಗದದ ಪಟ್ಟಿಯನ್ನ 12 ಪಾಲು ಮಾಡಿದೆವು. 1/3 ಅಂದರೆ 4 ಪಾಲು, 1/4 ಅಂದರೆ 3 ಪಾಲು. "7/12 ಆತು, ಇನ್ನ 5/12 ಉಳೀತು ಮಾಮಾ!" ಕೇಳದ ಪ್ರಶ್ನೆಗೂ ಉತ್ತರ ಬಂತು. ಲೆಕ್ಕ ಬರದ ಹುಡುಗಿ ನೋಡಿ ಇವಳು...

12 ಯಾಕೆ? 3 ಮತ್ತು 4 ಎರಡಕ್ಕೂ ಸರಿಯಾಗಿ ಪಾಲಾಗೋ ಅತಿ ಚಿಕ್ಕ ಸಂಖ್ಯೆ ಅದು. ಲ.ಸಾ.ಅ. ಅಂದರೆ ಇಷ್ಟೇ ಸ್ವಾಮಿ. ಬಾಗಲಕೋಟೆಯಿಂದ ಬಾದಾಮಿಗೆ 30 ನಿಮಿಷಕ್ಕೊಂದು, ಹುನಗುಂದಕ್ಕೆ 40 ನಿಮಿಷಕ್ಕೊಂದು ಬಸ್ಸು ಅಂತಿಟ್ಟುಕೊಳ್ಳಿ. 8 ಗಂಟೆಗೆ ಜೊತೆಗೆ ಹೊರಟರೆ ಮತ್ತೆ ಜೊತೆಯಾಗೋದು 120 ನಿಮಿಷಕ್ಕೆ, 10 ಗಂಟೆಗೆ. ಸುಮ್ಮನೆ 30ನ್ನ 40ರಿಂದ ಗುಣಿಸಿದರೆ 20 ಗಂಟೆ ಕಾಯಬೇಕಾಗುತ್ತೆ! "ಅತಿ ಚಿಕ್ಕ" ಅನ್ನೋ ಮಾತಿನ ಬೆಲೆ ಆಗ ತಿಳಿಯುತ್ತೆ.

ಇದೇನು ಹೊರಗಿನಿಂದ ಬಂದ ವಿದ್ಯೆಯಲ್ಲ. ಕ್ರಿ.ಶ. 850ರ ಸುಮಾರಿಗೆ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಇದನ್ನೇ 'ನಿರುದ್ಧ' ಅಂತ ಕರೆದು ಭಿನ್ನರಾಶಿ ಕೂಡಿಸೋದಕ್ಕೆ ಬಳಸಿದ್ದಾನೆ. ನಾವು ಅದನ್ನ ಮೂರಕ್ಷರದ ಮಂತ್ರ ಮಾಡಿಟ್ಟಿದ್ದೇವೆ.

"ಪಾಠ ಮುಗಿಸಬೇಕು, ಕಾಗದ ಮಡಚೋಕೆ ಟೈಮೆಲ್ಲಿದೆ?" ಅಂತ ಮೇಷ್ಟ್ರುಗಳು ಕೇಳಬಹುದು. ಒಪ್ಪಿದೆ, ಅವರ ಕಷ್ಟ ಅವರಿಗೆ. ಆದ್ರೆ ನನಗೆ ಹಿಡಿದದ್ದು ಹತ್ತೇ ನಿಮಿಷ. ಇವತ್ತು ಆ ಹತ್ತು ನಿಮಿಷ ಉಳಿಸಿದರೆ ಮುಂದಿನ ಕ್ಲಾಸುಗಳಲ್ಲಿ ಅದೇ 2/7 ಮತ್ತೆ ಮತ್ತೆ ಬರುತ್ತೆ. ಇಲ್ಲಾ, ಆ ಮಗುವೇ ಬರೋದಿಲ್ಲ.

ಮಗ್ಗ ಕೀಳಲ್ಲ. ಆದ್ರೆ "ನಾನು ದಡ್ಡಿ" ಅಂದುಕೊಂಡು ಯಾವ ಮಗುವೂ ಮಗ್ಗಕ್ಕೆ ಹೋಗಬಾರದು. ನೀವೇನಂತೀರಿ?