ಮರಣ ಬಾವಿಗೂ ಒಂದು ಚರಿತ್ರೆ ಬೇಕು

ಜಾತ್ರೆ ವಿಶೇಷಾಂಕಕ್ಕೆ ಬಂದ ಬರಹಗಳಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ಆಷಾಢದ ತೇರಿದೆ, ಕೊಂಡವಿದೆ, ಕಂಪನಿ ನಾಟಕವಿದೆ, ಟೆಂಟ್ ಸಿನಿಮಾ ಇದೆ. ಮರಣ ಬಾವಿಯ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ಇದು ನನಗೆ ಸರಿಕಾಣಲಿಲ್ಲ.

ಲಾರಿಗಳಲ್ಲಿ ಬಂದ ಹಲಗೆಗಳನ್ನು ಬೋಲ್ಟು ಬಿಗಿದು ನಿಲ್ಲಿಸಿದ ಬಾವಿ ಅದು. ಅಟ್ಟಣಿಗೆ ಹತ್ತಿ ಬಗ್ಗಿ ನೋಡಿದರೆ ಕೆಳಗೆ ಬೈಕು ಸ್ಟಾರ್ಟಾಗುತ್ತದೆ, ಇಳಿಜಾರು ಹಲಗೆಯ ಮೇಲೆ ಎರಡು ಸುತ್ತು ಹಾಕಿ ನೆಟ್ಟಗಿನ ಗೋಡೆಗೆ ಏರುತ್ತದೆ. ಗೋಡೆ ಅದುರುತ್ತದೆ, ಹಿಡಿದುಕೊಂಡ ಕಂಬಿಯೂ ಅದುರುತ್ತದೆ. ಸವಾರ ಎರಡೂ ಕೈ ಬಿಟ್ಟು ಮೇಲೆ ಬಂದು, ಜನ ಚಾಚಿದ ನೋಟನ್ನು ಕಿತ್ತುಕೊಂಡು ಹೋಗುತ್ತಾನೆ. 40 ಅಡಿ ಅಗಲದ ಬಾವಿಯಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಸುತ್ತುವಾಗ ಅವನ ಮೈ ಎರಡೂವರೆ ಪಟ್ಟಿಗೂ ಹೆಚ್ಚು ಭಾರವಾಗಿರುತ್ತದೆ. ವೇಗ ತಗ್ಗಿದರೆ ಟೈರಿನ ಹಿಡಿತ ಸಾಲದು, ಜಾರುವುದೇ. ಬೈಕುಗಳ ನಡುವೆಯೇ ಮಾರುತಿ 800 ಕಾರನ್ನೂ ಗೋಡೆಗೆ ಏರಿಸಿದ ಧೈರ್ಯ ನಮ್ಮವರದು.

ಆಟ ಹುಟ್ಟಿದ್ದು ಕಳೆದ ಶತಮಾನದ ಆರಂಭದಲ್ಲಿ, ಅಮೆರಿಕದ ಹಲಗೆ ಟ್ರ್ಯಾಕಿನ ಬೈಕ್ ರೇಸುಗಳಿಂದ. ಅಲ್ಲಿ ಕಾರು ಹಾರಿಸುವ ತಂಡಗಳೂ ಊರೂರು ತಿರುಗುತ್ತಿದ್ದವು. ಅಂಥ ತಂಡದ ಲಕಿ ಟೀಟರ್ 1942ರ ಜುಲೈ 5ರಂದು ಇಂಡಿಯಾನಾದ ಮೇಳದ ಮೈದಾನದಲ್ಲಿ ಕಾರು ಹಾರಿಸುವಾಗ ಸತ್ತ. ಅವನ ಹೆಸರು, ತಾರೀಖು, ಜಾಗ ಎಲ್ಲವೂ ದಾಖಲಾಗಿವೆ. ನಮ್ಮ ಬಾವಿಗಳಲ್ಲಿ ಬಿದ್ದವರ ಹೆಸರು ಹೇಳಿ ನೋಡೋಣ.

ಶಿರಸಿಯ ಮಾರಿಕಾಂಬಾ ಜಾತ್ರೆಯಂಥ ಕಡೆ ಬಾವಿ ಇನ್ನೂ ಏಳುತ್ತದೆ. ನಮ್ಮ ಸೀಮೆಗೆ ಇದರಲ್ಲಿ ವಿಶೇಷ ಹಕ್ಕಿದೆ ಎಂದೇ ನನ್ನ ಭಾವನೆ. ಇಲ್ಲಿಂದ 60 ಕಿ.ಮೀ. ದೂರದ ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂಥ ಗೋಡೆಗಳ ಮೇಲೆ ಓಡಿವೆ. ಬಾವಿಯ ಲಾರಿಗಳು ಹಿಡಿಯಬಹುದಾದ ಊಟಿಯ ದಾರಿ, ವಯನಾಡಿನ ದಾರಿ ಕವಲೊಡೆಯುವುದು ಗುಂಡ್ಲುಪೇಟೆಯಲ್ಲೇ. 2009ರಿಂದ ಬಂಡೀಪುರದ ರಸ್ತೆಗಳಿಗೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ನಿರ್ಬಂಧ ಬಂದ ಮೇಲೆ, ತಡವಾಗಿ ಬಂದ ಸರಕಿನ ಲಾರಿ ವಯನಾಡಿನ ದಾರಿಯ ಮದ್ದೂರು ಚೆಕ್‌ಪೋಸ್ಟಿನಲ್ಲೇ ರಾತ್ರಿ ಕಳೆಯಬೇಕು. ಆ ಸಾಲಿನಲ್ಲಿ ಬಾವಿಯ ಹಲಗೆ ಹೊತ್ತ ಲಾರಿಯನ್ನು ಕಂಡವರು, ಅದರ ಜನರಿಗೆ ಚಹಾ ಕೊಟ್ಟವರು ಯಾರಾದರೂ ಇದ್ದೀರಾ?

ಇದ್ದರೆ ಬರೆಯಿರಿ. ಬಾವಿ ಯಾವ ಮೈದಾನದಲ್ಲಿ ಎದ್ದಿತ್ತು, ಟಿಕೆಟ್ ಎಷ್ಟಿತ್ತು, ಓಡಿಸಿದ ಹೆಂಗಸರನ್ನು ಕಂಡಿರಾ, ಬಿದ್ದವರನ್ನು ಯಾವ ಆಸ್ಪತ್ರೆಗೆ ಒಯ್ದರು? ಹಳೆಯ ಫೋಟೊ, ಕರಪತ್ರ ಇದ್ದರೆ ಪ್ರತಿ ಕಳಿಸಿ. ಮುಂದಿನ ಸಂಚಿಕೆಯ ಎಂಟು ಪುಟ ಅದಕ್ಕೆಂದೇ ಬಿಟ್ಟಿದ್ದೇವೆ.