ಯಾವ ವಿಜಯಪುರ?

ಒಂದು ಊರಿಗೆ ಹೊಸ ಹೆಸರಿಡುವವರು ಅದೇ ಹೆಸರಿನ ಇನ್ನೊಂದು ಊರು ಎಲ್ಲಾದರೂ ಇದ್ದೀತೆಂದು ಯೋಚಿಸುವುದು ಅಪರೂಪ. ೨೦೧೪ರ ನವೆಂಬರ್ ೧ರಂದು ಬಿಜಾಪುರವು ವಿಜಯಪುರವಾಯಿತು. ಗೋಲಗುಮ್ಮಟದ ಆ ಮಹಾನಗರಕ್ಕೆ ಈ ಹೆಸರು ಒಪ್ಪುವುದಿಲ್ಲವೆಂದು ನಾನು ಹೇಳಲಾರೆ. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕು ಕಟ್ಟಿಕೊಂಡಿರುವ ನಮ್ಮ ಪುಟ್ಟ ಊರು, ಹಿಂದೆ ವಡಿಗೇನಹಳ್ಳಿ ಎನ್ನಿಸಿಕೊಂಡಿದ್ದ ಊರು, ಆ ದಿನಕ್ಕೂ ಎಷ್ಟೋ ಮೊದಲೇ ವಿಜಯಪುರವಾಗಿತ್ತು. ಅಂದಿನಿಂದ ನಮ್ಮ ಕಾಗದಪತ್ರಗಳು ಆಗೊಮ್ಮೆ ಈಗೊಮ್ಮೆ ಉತ್ತರ ದೇಶದ ಯಾತ್ರೆಯನ್ನು ಮುಗಿಸಿಕೊಂಡು ಬರುವುದುಂಟು. ಕಾಗದವಾದರೆ ನಕ್ಕು ಸುಮ್ಮನಾಗಬಹುದು. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಗಾಡಿಯ ವಿಷಯದಲ್ಲಿ ನಗುವಂತಿಲ್ಲ.

ನಮ್ಮ ನೆರೆಮನೆಯ ಹಿರಿಯರೊಬ್ಬರ ಸಂಗತಿಯನ್ನು ಹೇಳುತ್ತೇನೆ. ಆಯುಷ್ಯದ ಬಹುಭಾಗವನ್ನು ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿ ಕಳೆದವರು. ಈಗ ಅವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ಸೋಮವಾರ, ಬುಧವಾರ, ಶುಕ್ರವಾರ ಬೆಂಗಳೂರಿಗೆ ಹೋಗಿ, ಸರದಿಗೆ ನಾಲ್ಕು ಗಂಟೆಯ ಕಾಲ ಯಂತ್ರದಿಂದ ರಕ್ತವನ್ನು ಶುದ್ಧಿ ಮಾಡಿಸಿಕೊಂಡು ಬರಬೇಕು. ಇದಕ್ಕಾಗಿ ಮಗ ಒಂದು ವಾಹನದ ಕಛೇರಿಯೊಡನೆ ತಿಂಗಳ ಲೆಕ್ಕದಲ್ಲಿ ಮಾತಾಡಿದ್ದನು. ಒಂದು ಸೋಮವಾರ ಬೆಳಗಿನ ಐದಕ್ಕೇ ಹಿರಿಯರು ಸ್ನಾನ ಮುಗಿಸಿ, ಶಾಲು ಹೊದ್ದು ಜಗುಲಿಯ ಮೇಲೆ ಕುಳಿತರು. ಆರಾಯಿತು, ಏಳಾಯಿತು, ಗಾಡಿಯ ಸುಳಿವಿಲ್ಲ. ಕಛೇರಿಗೆ ಟೆಲಿಫೋನು ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ: “ಹೊರಟಿದೆ ಸಾರ್, ಬಂದುಬಿಡುತ್ತೆ.” ಎಂಟು ಗಂಟೆಗೆ ನಿಜ ಹೊರಬಿತ್ತು. ಹೊಸದಾಗಿ ಸೇರಿದ್ದ ಹುಡುಗನೊಬ್ಬ ಹಿಂದಿನ ರಾತ್ರಿ ಪಟ್ಟಿಯಲ್ಲಿ ‘ವಿಜಯಪುರ’ ಎಂಬುದನ್ನು ಕಂಡು, ೫೦೦ ಕಿಲೋಮೀಟರಿಗೂ ಆಚೆಯ ಊರಿಗೆ ನಮ್ಮ ಗಾಡಿ ಹೋಗುವುದಿಲ್ಲವೆಂದು ಆ ಸಾಲನ್ನು ಹೊಡೆದುಹಾಕಿದ್ದನು. ಮನೆಯವರನ್ನು ಒಂದು ಮಾತು ಕೇಳಲಿಲ್ಲ. “ಹೊರಟಿದೆ” ಎಂದವರು ಯಾವ ಗಾಡಿಯನ್ನು ಕಂಡು ಹಾಗೆಂದರೋ ಇಂದಿಗೂ ತಿಳಿಯದು.

ಆಸ್ಪತ್ರೆಯವರು ಆ ಯಂತ್ರವನ್ನು ಮತ್ತೊಬ್ಬರಿಗೆ ಕೊಟ್ಟಾಗಿತ್ತು, ಅವರನ್ನು ದೂರುವಂತಿಲ್ಲ. ಹಿರಿಯರಿಗೆ ಸರದಿ ಸಿಕ್ಕಿದ್ದು ರಾತ್ರಿ. ಶನಿವಾರ, ಭಾನುವಾರಗಳ ಬಿಡುವಿನ ಮೇಲೆ ಸೋಮವಾರದ ಹಗಲೂ ಕಳೆದುಹೋಗಿತ್ತು. ವಾರಕ್ಕೆ ಮೂರು ಸಲ ಈ ಚಿಕಿತ್ಸೆ ಪಡೆಯುವವರಿಗೆ ಆ ಎರಡು ದಿನಗಳ ಬಿಡುವಿನ ಕೊನೆಯೇ ಹೆಚ್ಚು ಅಪಾಯದ ಹೊತ್ತೆಂದು ವೈದ್ಯರು ಬಲ್ಲರು. ಹೊರಹೋಗದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ; ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಲಯವನ್ನೇ ಕೆಡಿಸುತ್ತದೆ. ಅಂದು ಮಲಗಿದರೆ ಉಸಿರು ಕಟ್ಟುತ್ತದೆಂದು ಅವರು ದಾರಿಯುದ್ದಕ್ಕೂ ನೆಟ್ಟಗೆ ಕುಳಿತೇ ಹೋದರು. ಬದುಕಿ ಬಂದರು.

ತುರ್ತಿಲ್ಲದ ಪ್ರಯಾಣವೆಂದು ಕರೆಯುವುದು ಇದನ್ನೇ. ರಸ್ತೆಯಲ್ಲಿ ಅಪಘಾತವಾದರೆ, ಎದೆನೋವು ಬಂದರೆ ೧೦೮ಕ್ಕೆ ಕರೆ ಮಾಡುವುದನ್ನು ೨೦೦೮ರ ನವೆಂಬರ್‌ನಲ್ಲಿ ಆರೋಗ್ಯ ಕವಚವು ಆರಂಭವಾದಂದಿನಿಂದ ನಮ್ಮ ಜನ ಕಲಿತಿದ್ದಾರೆ. ೨೦೧೧ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು ಬಾಣಂತಿಯನ್ನೂ ಕೂಸನ್ನೂ ಮರಳಿ ಮನೆಗೆ ತಲುಪಿಸುವ ಹೊಣೆಯನ್ನು ಸರ್ಕಾರಿ ಆಸ್ಪತ್ರೆಗಳಿಗೆ ವಹಿಸಿತು. ನಮ್ಮ ರಾಜ್ಯದಲ್ಲಿ ‘ನಗು-ಮಗು’ ಎಂಬ ಮುದ್ದಾದ ಹೆಸರಿನ ವಾಹನಗಳು ಬಂದುದು ಆ ಕೆಲಸಕ್ಕಾಗಿಯೇ. ಆದರೆ ವಾರಕ್ಕೆ ಮೂರು ದಿನ ರಕ್ತಶುದ್ಧಿಗೆ ಹೋಗುವವರು, ಕ್ಯಾನ್ಸರಿಗೆ ಕಿರಣಚಿಕಿತ್ಸೆ ಪಡೆಯಲು ವಾರಗಟ್ಟಲೆ ದಿನವೂ ಓಡಾಡುವವರು, ಕಾಲು ಮುರಿದು ಬಸ್ಸು ಹತ್ತಲಾರದವರು—ಇವರ ಪಾಡು ಬಹುಮಟ್ಟಿಗೆ ಖಾಸಗಿ ಗಾಡಿಗಳವರ ಕೈಯಲ್ಲಿದೆ. ಒಳ್ಳೆಯ ಗಾಡಿಗಳಿಗೆ ಇಂದು ಬರವಿಲ್ಲ. ಗಾಡಿಗೂ ರೋಗಿಗೂ ನಡುವೆ ಕುಳಿತು ಮಾತನ್ನು ದಾಟಿಸುವವನ ಕೆಲಸವನ್ನು ಮಾತ್ರ ಯಾರೂ ಕೆಲಸವೆಂದು ಎಣಿಸಿದಂತಿಲ್ಲ. ಮೊದಲ ದಿನವೇ ಯಾರನ್ನಾದರೂ ಅಲ್ಲಿ ಕೂರಿಸುತ್ತಾರೆ.

ನಮ್ಮ ತಲೆಯ ಮೇಲೆಯೇ ಹಾರಾಡುವವರಿಂದ ಈ ವಿಷಯದಲ್ಲಿ ಕಲಿಯುವುದು ಬೇಕಾದಷ್ಟಿದೆ. ದೇವನಹಳ್ಳಿಯ ವಿಮಾನ ನಿಲ್ದಾಣವು ೨೦೦೮ರಲ್ಲಿ ತೆರೆದಂದಿನಿಂದ ನಮಗೆ ಆ ಸದ್ದು ಅಭ್ಯಾಸವಾಗಿದೆ. ನಿಯಂತ್ರಣ ಗೋಪುರದಿಂದ ಇಳಿಯಲೋ ಏರಲೋ ಅಪ್ಪಣೆ ಬಂದಾಗ ವಿಮಾನಿಯು ಬರಿದೆ ‘ಆಯಿತು’ ಎನ್ನುವಂತಿಲ್ಲ; ಕೇಳಿದ ಅಪ್ಪಣೆಯನ್ನು ತಿರುಗಿ ಒಪ್ಪಿಸಬೇಕು. ತಪ್ಪಿದ್ದರೆ ಗೋಪುರದವರು ತಿದ್ದಬೇಕು. ಈ ಶಿಸ್ತಿನ ಹಿಂದೆ ಕಣ್ಣೀರಿದೆ. ೧೯೭೭ರ ಮಾರ್ಚ್ ೨೭ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ, ಮಂಜು ಮುಸುಕಿದ ಓಡುದಾರಿಯ ಮೇಲೆ ಎರಡು ದೊಡ್ಡ ವಿಮಾನಗಳು ಡಿಕ್ಕಿ ಹೊಡೆದು ೫೮೩ ಮಂದಿ ಸತ್ತರು. ಡಚ್ ವಿಮಾನದವರು ತಾವು ‘ಏರುವುದರಲ್ಲಿದ್ದೇವೆ’ ಎಂಬರ್ಥದ ಮಾತೊಂದನ್ನು ಆಡಿದರು. ಏರಲು ಸಿದ್ಧರಾಗಿ ನಿಂತಿದ್ದಾರೆಂದು ಗೋಪುರದವರು ತಿಳಿದರು, ವಿಮಾನವಾದರೋ ಓಡಲಾರಂಭಿಸಿತ್ತು. ಆ ನುಡಿಯಲ್ಲಿ ಅವರ ತಾಯ್ನುಡಿಯ ವ್ಯಾಕರಣದ ಜಾಡು ಇದ್ದೀತೆಂದು ಬಲ್ಲವರು ಊಹಿಸಿದ್ದಾರೆ. ಆಮೇಲೆ ‘ಏರುವುದು’ ಎಂಬರ್ಥದ ಆ ಇಂಗ್ಲಿಷ್ ಪದವನ್ನು ಏರುವ ಅಪ್ಪಣೆಯನ್ನು ಕೊಡುವಾಗ ಅಥವಾ ಹಿಂತೆಗೆದುಕೊಳ್ಳುವಾಗ ಮಾತ್ರ ಬಳಸಬೇಕೆಂದು ಗೊತ್ತುಮಾಡಿದರು.

ನಮ್ಮ ಕನ್ನಡವೇನು ಕಡಿಮೆಯೆ? ಒಳಮನೆಯಿಂದ “ಇಗೋ ಬಂದೆ” ಎನ್ನುವವನು ಇನ್ನೂ ಎದ್ದೇ ಇರುವುದಿಲ್ಲ. ಕ್ರಿಯಾಪದ ಭೂತಕಾಲದ್ದು, ಆಗಮನ ಭವಿಷ್ಯತ್ಕಾಲದ್ದು! ಮನೆಯೊಳಗೆ ಇದು ಸೊಗಸು. ಗಾಡಿಯ ಕಛೇರಿಯಲ್ಲಿ “ಹೊರಟಿದೆ”, “ಬಂತು”, “ಐದೇ ನಿಮಿಷ” ಎಂಬ ಮಾತುಗಳನ್ನು ನಿಷೇಧಿಸಬೇಕೆಂದು ನನ್ನ ಅಭಿಪ್ರಾಯ. ಗಾಡಿ ಎಲ್ಲಿದೆಯೆಂದು ಕೇಳಿದರೆ ಊರಿನ ಹೆಸರು ಬರಬೇಕು: ಹೆಬ್ಬಾಳದಲ್ಲಿದೆ, ದೇವನಹಳ್ಳಿ ದಾಟಿದೆ. ಹೆಬ್ಬಾಳವೆಂದು ಕೇಳಿದರೆ ಕಾಯುವವರು ತಾವೇ ಲೆಕ್ಕ ಹಾಕಿಕೊಂಡು ಬೇರೆ ದಾರಿ ನೋಡಿಯಾರು. ನಮ್ಮ ಹಿರಿಯರಿಗೆ ಆರೂವರೆಗೇ ನಿಜ ತಿಳಿದಿದ್ದರೆ ಮಗ ಬಾಡಿಗೆ ಕಾರನ್ನಾದರೂ ತರುತ್ತಿದ್ದನು. ಅವರಿಗೆ ಕೆಡುಕಾದದ್ದು ಗಾಡಿ ಬಾರದ್ದರಿಂದ ಅಷ್ಟಲ್ಲ, ಬರುತ್ತದೆಂದು ನಂಬಿಸಿದ್ದರಿಂದ.

ನಮ್ಮ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ನಡೆಯುತ್ತವೆ. ಉರ್ದುವಿನ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ಆದುದರಿಂದ ‘ನಾಳೆ’ ಎಂದು ಬರೆದುಕೊಂಡರೆ ಸಾಲದು. ವಾರವನ್ನೂ ತಾರೀಖನ್ನೂ ಎರಡನ್ನೂ ಹೇಳಿಸಿಕೊಳ್ಳಬೇಕು. ಊರುಗಳ ಗೊಂದಲವೂ ವಿಜಯಪುರಕ್ಕೇ ಮುಗಿಯುವುದಿಲ್ಲ. ಇದೇ ತಾಲ್ಲೂಕಿನಲ್ಲಿ ಚನ್ನರಾಯಪಟ್ಟಣವೆಂಬ ಹೋಬಳಿಯಿದೆ. ಹಾಸನ ಜಿಲ್ಲೆಯಲ್ಲಿ ಅದೇ ಹೆಸರಿನ ತಾಲ್ಲೂಕೇ ಇದೆ. ಹೊಸಹಳ್ಳಿಗಳನ್ನು ಎಣಿಸಹೋಗುವ ಸಾಹಸ ನನಗೆ ಬೇಡ. ಇದಕ್ಕೆ ಮದ್ದು ೧೯೭೨ರಲ್ಲೇ ಅಂಚೆಯವರು ಕೊಟ್ಟ ಆರಂಕಿಯ ಪಿನ್ ಸಂಖ್ಯೆ. ನಮ್ಮದು ೫೬೨೧೩೫, ಗೋಲಗುಮ್ಮಟದ ಊರಿನದು ೫೮೬೧೦೧. ಮೂರನೆಯ ಅಂಕಿ ಬರುವ ಮೊದಲೇ ಊರು ಬೇರೆಯಾಗುತ್ತದೆ.

ಇನ್ನೊಂದು ವಿಷಯ, ಮರುಪ್ರಯಾಣ. ಹೋಗುವ ಹೊತ್ತು ಗೊತ್ತು, ಬರುವ ಹೊತ್ತು ಯಾರಿಗೂ ಗೊತ್ತಿಲ್ಲ. ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿದ್ದರೆ ಅರ್ಧ ಗಂಟೆ ಹೆಚ್ಚು. ಚಿಕಿತ್ಸೆ ಮುಗಿದವರಿಗೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತಿರುತ್ತದೆ. ಅಂಥವರನ್ನು ಬೆಂಚಿನ ಮೇಲೆ ಎರಡು ಗಂಟೆ ಕಾಯಿಸುವುದು ಅನ್ಯಾಯ. ವಾರ್ಡಿನ ದಾದಿಯೇ ಯಂತ್ರ ಬಿಚ್ಚುವ ಮೊದಲು ಕಛೇರಿಗೆ ಒಂದು ಕರೆ ಮಾಡುವ ಏರ್ಪಾಡಾದರೆ ಸಾಕು. ರೋಗಿ ನಡೆಯಬಲ್ಲನೇ, ಗಾಲಿಕುರ್ಚಿ ಬೇಕೇ, ಮೆಟ್ಟಿಲೆಷ್ಟು, ಆಮ್ಲಜನಕವುಂಟೇ ಎಂಬುದನ್ನು ಒಮ್ಮೆ ಕೇಳಿ ಬರೆದಿಟ್ಟುಕೊಂಡು ಚಾಲಕನಿಗೆ ಮೊದಲೇ ತಿಳಿಸುವುದೂ ಕಷ್ಟದ ಮಾತಲ್ಲ. ಗೂಡಿನ ಮಾರುಕಟ್ಟೆಯಲ್ಲಿ ರೈತನ ಪ್ರತಿಯೊಂದು ಲಾಟಿಗೂ ಒಂದು ಸಂಖ್ಯೆ, ಒಂದು ಚೀಟಿ ಇರುತ್ತದೆ. ಗೂಡಿಗಿರುವ ಚೀಟಿ ಮನುಷ್ಯನಿಗೆ ಬೇಡವೇ?

ನಮ್ಮ ಹಿರಿಯರು ಕಛೇರಿಯನ್ನು ಬದಲಿಸಲಿಲ್ಲ, ತಮ್ಮ ಪದ್ಧತಿಯನ್ನು ಬದಲಿಸಿದರು. ಮೊಮ್ಮಗಳಿಂದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿ ಟೆಲಿಫೋನಿನ ಪಕ್ಕದಲ್ಲಿ ತೂಗುಹಾಕಿದ್ದಾರೆ. ಕಳೆದ ಭಾನುವಾರ ಸಂಜೆ ನಾನು ಅಲ್ಲಿಯೇ ಇದ್ದೆ. “ದೇವನಹಳ್ಳಿ ತಾಲ್ಲೂಕು ವಿಜಯಪುರ, ಐದು ಆರು ಎರಡು ಒಂದು ಮೂರು ಐದು. ನಾಳೆ ಸೋಮವಾರ ಬೆಳಗ್ಗೆ ಆರು ಗಂಟೆ. ಗಾಲಿಕುರ್ಚಿ ಬೇಡ. ಎಲ್ಲಿ, ಈಗ ನೀನು ಹೇಳು ತಾಯಿ” ಎಂದರು. ಆ ಕಡೆಯ ಹುಡುಗಿ ಹೇಳಿದಳು. “ಪಿನ್ನು?” ಎಂದರು. ಅದನ್ನೂ ಹೇಳಿದಳು. ಹಿರಿಯರು ಟೆಲಿಫೋನು ಕೆಳಗಿಟ್ಟು, ಒಳಗೆ ಕಾಫಿಗೆ ಹೇಳಿದರು. ಅವರ ಪಾಲಿಗೆ ಅರ್ಧ ಲೋಟ ಮಾತ್ರ. ನೀರಿನ ಲೆಕ್ಕ ಕಟ್ಟುನಿಟ್ಟು.