ಬೆರಳು ಸವೆದವರ ಗುರುತು



ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವ ತಾಯಂದಿರ ಕೈಗಳನ್ನು ತಾವೆಲ್ಲ ನೋಡಿದ್ದೀರಿ. ಚೊಗರು ಕೂತು ಬೆರಳ ತುದಿ ಕಪ್ಪಾಗಿರುತ್ತದೆ, ರೇಖೆಗಳು ಸವೆದಿರುತ್ತವೆ. ಅಂಥ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಒಪ್ಪದಿದ್ದರೆ ತಪ್ಪು ಯಾರದು? ಕಾಯಕ ಮಾಡಿದವಳದೇ?

ಆಧಾರ್ ಸಂಖ್ಯೆಯನ್ನು ನಾವು ವಿರೋಧಿಸುವುದಿಲ್ಲ. 2010ರ ಸೆಪ್ಟೆಂಬರ್ 29ರಂದು ಮೊದಲ ಸಂಖ್ಯೆ ಸಿಕ್ಕಿದ್ದು ಮಹಾರಾಷ್ಟ್ರದ ತೆಂಭಲಿ ಎಂಬ ಆದಿವಾಸಿ ಹಳ್ಳಿಯಲ್ಲಿ. ಯಾವ ಕಾಗದವೂ ಇಲ್ಲದವರಿಗೆ ಒಂದು ಗುರುತು ಕೊಡುವ ಮಾತು ಅದು. 2016ರ ಕಾಯ್ದೆಯೂ ಹಾಗೆಯೇ ಇದೆ: ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದವರು ಪಡೆಯಬಹುದು, ಅದು ಪೌರತ್ವದ ಪುರಾವೆಯಲ್ಲ. ಹೆಂಗಸರು, ಮಕ್ಕಳು, ವೃದ್ಧರು, ಅಂಗವಿಕಲರು, ಕೂಲಿಕಾರರು, ಅಲೆಮಾರಿಗಳು, ಕಾಯಂ ಮನೆಯಿಲ್ಲದವರು, ಇವರಿಗೆ ಸಂಖ್ಯೆ ಕೊಡಲು ವಿಶೇಷ ಕ್ರಮ ಕೈಗೊಳ್ಳಬೇಕೆಂದು 5ನೇ ಕಲಮು ಹೇಳುತ್ತದೆ.

ನ್ಯಾಮತಿ, ಹೊನ್ನಾಳಿಯ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವವರು, ಮಳೆ ಕೈಕೊಟ್ಟಾಗ ಜಗಳೂರಿನಿಂದ ಪಟ್ಟಣ ಸೇರುವವರು ಈ ಪಟ್ಟಿಗೆ ಸೇರಿದವರೇ ತಾನೇ? ಕಚೇರಿ ತೆರೆದಿರುವಾಗ ಅವರು ಊರಲ್ಲಿರುವುದಿಲ್ಲ. ಇದ್ದ ದಿನ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರದಲ್ಲಿ ಸರದಿ ನಿಲ್ಲಬೇಕು. ಗೃಹಲಕ್ಷ್ಮಿಯ 2000 ರೂಪಾಯಿಯೂ ಆಧಾರ್ ಜೋಡಿಸಿದ ಖಾತೆಗೇ ಬರುವುದರಿಂದ ಹೆಸರಿನ ಒಂದಕ್ಷರ ತಪ್ಪಿದರೂ ಅಲೆದಾಟ.

ಸಂಖ್ಯೆ ಇನ್ನೂ ಸಿಗದವರಿಗೆ ಬೇರೆ ಗುರುತಿನ ಮೇಲೆ ಸೌಲಭ್ಯ ಕೊಡಬೇಕೆಂದು ಅದೇ ಕಾಯ್ದೆಯ 7ನೇ ಕಲಮಿನಲ್ಲಿದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪಿತ್ತಿತು. ಆಧಾರ್ ಉಳಿಯಿತು, ಆದರೆ ಶಾಲಾ ಪ್ರವೇಶಕ್ಕೆ ಕಡ್ಡಾಯ ಮಾಡಕೂಡದೆಂದಿತು. ನಮ್ಮ ಕೆಲವು ಶಾಲೆಗಳ ಗುಮಾಸ್ತರೂ ಇದನ್ನು ಓದಿಕೊಂಡರೆ ಒಳ್ಳೆಯದು.

ದಾಸೋಹದ ಪಂಕ್ತಿಯಲ್ಲಿ ಯಾರೂ ಚೀಟಿ ಕೇಳುವುದಿಲ್ಲ. ಸರ್ಕಾರಕ್ಕೆ ಲೆಕ್ಕ ಬೇಕು, ಒಪ್ಪೋಣ. ಆದರೆ ಯಂತ್ರ ಒಪ್ಪದ ದಿನವೂ ಅಕ್ಕಿ ಕೊಟ್ಟು, ಲೆಕ್ಕವನ್ನು ಆಮೇಲೆ ಸರಿಪಡಿಸಿಕೊಳ್ಳಲಿ.

ಮಠಗಳು ತಮ್ಮ ಸಭಾಭವನಗಳನ್ನು ನೋಂದಣಿ ಶಿಬಿರಕ್ಕೆ ಬಿಟ್ಟುಕೊಡಬೇಕು, ತಾಂಡಾ, ಕೇರಿಗಳಿಗೆ ಮೊದಲೇ ಸುದ್ದಿ ಮುಟ್ಟಿಸಬೇಕು. ಐದು ಮತ್ತು ಹದಿನೈದು ತುಂಬಿದ ಮಕ್ಕಳ ಬೆರಳಚ್ಚನ್ನು ಹೊಸದಾಗಿ ಕೊಡಬೇಕಿರುವುದರಿಂದ ಪ್ರಸಾದ ನಿಲಯದ ಮಕ್ಕಳದ್ದೂ ಅಲ್ಲೇ ಮುಗಿಯುತ್ತದೆ. ಬೆರಳು ಸವೆದವರಿಗೆ ಕಣ್ಣಿನ ಪಾಪೆಯ ಗುರುತು, ಮೊಬೈಲ್ ಸಂಖ್ಯೆಯ ಜೋಡಣೆ ಎರಡನ್ನೂ ಮಾಡಿಸಬೇಕು. ಚನ್ನಗಿರಿಯಲ್ಲಿ ಶಿಬಿರ ಅಡಿಕೆ ಕೊಯ್ಲಿಗೆ ಮೊದಲೇ ಆಗಲಿ. ಆಮೇಲೆ ಆ ತಾಯಂದಿರಿಗೆ ಬಿಡುವೂ ಇರುವುದಿಲ್ಲ, ಬೆರಳಲ್ಲಿ ರೇಖೆಯೂ ಇರುವುದಿಲ್ಲ.